ಕೆಂಪುಗುಡ್ಡದ ರಾಣಿ ನಿಂತುಹೋದದ್ದು

೧೪ ಅಕ್ಟೋಬರ್ ೧೯೫೯, ಬುಧವಾರ. ಶಿರಂಗಾಲ.

ಟಪಾಲು ಚೀಲ ಇವತ್ತೂ ತಡ. ಒಂಬತ್ತು ಕಾಗದ, ಒಂದು ರಿಜಿಸ್ಟರ್ಡ್. ಸಂಜೆ ಏಳಕ್ಕೆ ಪಂಚಾಯಿತಿಯ ರೇಡಿಯೊ ಜಗಲಿಗೆ ತಂದಿಟ್ಟೆ. ಪೋಸ್ಟಾಫೀಸು ಅದೇ ಜಗಲಿಯ ಕೋಣೆಯಾದ್ದರಿಂದ ರೇಡಿಯೊ ಪೆಟ್ಟಿಗೆಯ ಕೀಲಿ ಪೋಸ್ಟ್‌ಮಾಸ್ತರನಾದ ನನ್ನ ಬಳಿ.

ಬುಧವಾರ ಎಂದರೆ ‘ಕೆಂಪುಗುಡ್ಡದ ರಾಣಿ’. ರಾಜರ ಕಾಲದ ನಾಟಕ, ವಾರಕ್ಕೊಂದು ಕಂತು. ಇವತ್ತು ಏಳನೆಯದು. ನಲವತ್ತೆರಡು ಜನ ಬಂದಿದ್ದರು. ಏಳೂವರೆಗೆ ನಾಟಕದ ಬದಲು ಒಂದು ಪ್ರಕಟಣೆ – ಅನಿವಾರ್ಯ ಕಾರಣಗಳಿಂದ ನಾಟಕ ಮುಂದುವರಿಯುವುದಿಲ್ಲ. ಆಮೇಲೆ ವೀಣೆ.

ಮೊದಲು ಬಾಯಿಬಿಟ್ಟವಳು ಕಾಳಮ್ಮ. “ಅಂದ್ರೆ? ಆಯಮ್ಮ ಮಗೀನ ಕಂಕ್ಳಾಗೆ ಇಟ್ಕಂಡು ಹೊಳೆ ದಡದಾಗೆ ನಿಂತವ್ಳೆ. ಹಿಂದ್ಗಡೆ ಕುದ್ರೆ ಬತ್ತಾ ಅವೆ. ಹಂಗೇ ನಿಂತಿರ್ಬೇಕಾ ಅವ್ಳು?”

“ನಿಂತ್ಕಳ್ಳಿ ಬುಡಕ್ಕ,” ಎಂದ ಸಣ್ಣಸ್ವಾಮಿ. “ಆರು ವಾರದಿಂದ ಓಡಿ ಓಡಿ ಅವಳ್ಗೂ ಕಾಲು ನೋವು ಬಂದಿರ್ತದೆ. ಇನ್ಮೇಲಾದ್ರೂ ಪೇಟೆ ಧಾರಣೆ ಕೇಳಣ.”

ಕೆಲವರು ನಕ್ಕರು. ಹೆಂಗಸರು ನಗಲಿಲ್ಲ. ಒಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಕಂಡೆ.

ಜವರಯ್ಯನಿಗೆ ಮೊದಲಿನಿಂದಲೂ ನಾಟಕ ಆಗದು. ಗಂಡನ ಮಾತು ಮೀರಿ ಕೋಟೆ ಬಾಗಿಲು ತೆಗೆಸಿದವಳು ಎಂಥ ರಾಣಿ ಅಂತ. ಎದ್ದು ಪಂಚೆ ಕೊಡವಿಕೊಂಡು ಹೇಳಿದ: “ಕಾಗ್ದ ಹಾಕಿ ನಿಲ್ಲಿಸ್ತೀನಿ ಅಂದಿದ್ನಾ ಇಲ್ವಾ? ನನ್ ಕಾಗ್ದ ಮುಟ್ತು ಅಂತ ಕಾಣ್ತದೆ!”

ತಮಾಷೆಗೆ ಹೇಳಿದ್ದು. ಕಾಳಮ್ಮ ನಗದೆ ಅವನನ್ನೇ ನೋಡಿದಳು.

ರೇಡಿಯೊ ಒಳಗಿಟ್ಟು ಬೀಗ ಹಾಕಿದೆ.

೧೬ ಅಕ್ಟೋಬರ್, ಶುಕ್ರವಾರ

ಬರೆದಿಡುವುದು ಒಳ್ಳೆಯದು. ಕಾಗದ ಹಾಕಿದವನು ಜವರಯ್ಯನಲ್ಲ. ನಾನು.

ಸೆಪ್ಟೆಂಬರ್ ೨೪ರಂದು. ಮೂರನೆಯ ಕಂತಿಗೇ ಅನುಮಾನ, ನಾಲ್ಕಕ್ಕೆ ಖಾತ್ರಿ. ಮರಾಠಿಯಿಂದ ಕನ್ನಡಕ್ಕೆ ಬಂದ ಒಂದು ಕಾದಂಬರಿ – ನನ್ನ ಪೆಟ್ಟಿಗೆಯಲ್ಲಿದೆ, ಮೂರು ಸಲ ಓದಿದ್ದೇನೆ. ನಾಟಕದವರು ಊರು, ಹೆಸರು ಬದಲಿಸಿದ್ದಾರೆ. ಮಾತು ಹಾಗೆಯೇ ಎತ್ತಿಕೊಂಡಿದ್ದಾರೆ. ಭಾಷಾಂತರಕಾರರು ಒಂದು ಮಾತಿಗೆ ತಡವರಿಸಿ ಎರಡು ಪದ ಹಾಕಿದ್ದ ಕಡೆ ಇವರೂ ಅದೇ ಎರಡು ಪದ.

ಪುಟ ಸಂಖ್ಯೆ ಸಹಿತ ರೇಡಿಯೊ ನಿಲಯಕ್ಕೆ ಬರೆದೆ. ಹನ್ನೊಂದು ಉದಾಹರಣೆ. ಆ ಭಾಷಾಂತರಕಾರರ ಹೆಸರು ಪುಸ್ತಕದಲ್ಲೇ ಒಳಪುಟದ ಸಣ್ಣಕ್ಷರದಲ್ಲಿದೆ, ನಾಟಕದಲ್ಲಿ ಅದೂ ಇಲ್ಲ. ಕಂತಿನ ಮೊದಲಿಗೆ ಹೆಸರು ಹೇಳಿ ಎಂದಷ್ಟೇ ಕೇಳಿದ್ದೆ. ನಿಲ್ಲಿಸಿ ಎಂದು ಕೇಳಿರಲಿಲ್ಲ.

ಆದರೆ ‘ಇದು ಕಳವು’ ಎಂಬ ಮಾತು ಬರೆದಿದ್ದೆ. ನಕಲು ತೆಗೆದು ನೋಡಿದೆ. ಅಡಿಗೆರೆ ಸಹ ಎಳೆದಿದ್ದೇನೆ.

೧೮ ಅಕ್ಟೋಬರ್, ಭಾನುವಾರ

ಕಾಳಮ್ಮ ಏಳೆಂಟು ಜನರನ್ನು ಕರೆದುಕೊಂಡು ಬಂದಳು. ನಾಟಕ ಮತ್ತೆ ಹಾಕಬೇಕೆಂದು ಅರ್ಜಿ ಆಗಬೇಕಂತೆ.

“ನಿಮ್ ಅಕ್ಸರ ಮುತ್ತಿನಂಗೈತೆ, ಸ್ವಾಮಿ. ನೀವೇ ಬರ್ಕೊಡಿ. ಅವ್ಳು ಹೊಳೆ ದಾಟಾ ಗಂಟ ಕೇಳುಸ್ಲಿ, ಆಮೇಕೆ ಬೇಕಾದ್ರೆ ನಿಲ್ಲುಸ್ಲಿ.”

ಬರೆದುಕೊಟ್ಟೆ. ಇಲ್ಲ ಎನ್ನಲು ಕಾರಣ ತೋಚಲಿಲ್ಲ. ಮೂವತ್ತೊಂದು ಹೆಬ್ಬೆಟ್ಟು ಮತ್ತು ರುಜು. ಹತ್ತು ಜನ ಒಲ್ಲೆ ಎಂದರು – ಸಣ್ಣಸ್ವಾಮಿಗೆ ಪೇಟೆ ಧಾರಣೆಯೇ ಬೇಕು, ಒಬ್ಬ ಮುದುಕನಿಗೆ ಯುದ್ಧದ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ, ಇಬ್ಬರ ಮನೆಯಲ್ಲಿ ಬುಧವಾರ ಮುದ್ದೆ ತಡವಾಗುತ್ತಿತ್ತು. ಜವರಯ್ಯನನ್ನು ಯಾರೂ ಕೇಳಲಿಲ್ಲ.

ನನ್ನ ರುಜು ಹಾಕಲಿಲ್ಲ. ‘ಬರೆದವನು ರುಜು ಹಾಕುವ ಪದ್ಧತಿಯಿಲ್ಲ’ ಎಂದೆ. ಅಂಥ ನಿಯಮ ಎಲ್ಲೂ ಇಲ್ಲ, ನಾನೇ ಹುಟ್ಟಿಸಿದ್ದು.

೪ ನವೆಂಬರ್, ಬುಧವಾರ

ಅರ್ಜಿಗೆ ಉತ್ತರ ಬಂತು. ಸಂಜೆ ರೇಡಿಯೊ ಮುಂದೆ ಎಲ್ಲರಿಗೂ ಓದಿ ಹೇಳಬೇಕೆಂದರು. ಓದಿದೆ.

“...ಸದರಿ ನಾಟಕವನ್ನು ತಮ್ಮ ಗ್ರಾಮದವರೇ ಆದ ಶ್ರೋತೃವೊಬ್ಬರ ದೂರನ್ನು ಪರಿಶೀಲಿಸಿ ಕೈಬಿಡಲಾಗಿದೆ...”

ಆ ಸಾಲನ್ನು ಹಾರಿಸಬಹುದಿತ್ತು. ಅರ್ಧ ಜನಕ್ಕೆ ಅಷ್ಟು ದೊಡ್ಡ ಕನ್ನಡ ಅರ್ಥವೂ ಆಗುತ್ತಿರಲಿಲ್ಲ. ಓದುವಾಗ ಸಾಲು ಬಿಟ್ಟು ನನಗೆ ಅಭ್ಯಾಸವಿಲ್ಲ. ಯಾರೋ ಕೇಳಿದರು – ಅಂದ್ರೇನು ಸ್ವಾಮಿ? ಅದನ್ನೂ ಬಿಡಿಸಿ ಹೇಳಿದೆ: “ಈ ಊರಿನವರೇ ಯಾರೋ ದೂರು ಕೊಟ್ಟಿದ್ದಾರೆ.”

ಎಲ್ಲರೂ ಜವರಯ್ಯನ ಕಡೆ ತಿರುಗಿದರು. ಒಬ್ಬರೂ ನನ್ನ ಕಡೆ ತಿರುಗಲಿಲ್ಲ.

“ಅಯ್ಯೋ, ನಾನು ಆವತ್ತು ತಮಾಸೆಗಂದೆ ಕಣ್ರಪ್ಪ,” ಎಂದ.

“ಕಾರ್ಡು ತಗಂಡಿದ್ದೂ ತಮಾಸೆಗಾ?” ಎಂದಳು ಕಾಳಮ್ಮ. “ಗೌರಿ ಹಬ್ಬ ಕಳ್ದು ಎರಡು ವಾರಕ್ಕೆ, ಇದೇ ಕಿಟಕೀಲಿ. ನಾನು ಹಿಂದ್ಗಡೇನೇ ನಿಂತಿದ್ದೆ. ಯಾರಿಗೆ ಹಾಕ್ದೆ, ಹೇಳು ನೋಡಣ.”

ಜವರಯ್ಯ ಟವೆಲು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಆ ಕಾರ್ಡು ಯಾರಿಗೆಂದು ನನಗೆ ಗೊತ್ತು. ಮುದ್ರೆ ಒತ್ತುವಾಗ ಕಣ್ಣಿಗೆ ಬಿತ್ತು – ಕಾರ್ಡು ತೆರೆದೇ ಇರುತ್ತದೆ. ಅವನ ಮಗಳ ಮನೆಯ ವಿಷಯ. ನಾಲ್ಕು ಜನರ ಮುಂದೆ ಆಡುವಂಥದಲ್ಲ. ಇಲ್ಲಿಯೂ ಬರೆಯುವುದಿಲ್ಲ.

೯ ನವೆಂಬರ್, ಸೋಮವಾರ

ರಾಗಿ ಕೊಯ್ಲು ಶುರುವಾಗಿದೆ. ಇಲ್ಲಿ ಕೂಲಿ ಕರೆಯುವವರು ಕಡಿಮೆ, ಎಲ್ಲ ಮುಯ್ಯಾಳು – ಇವತ್ತು ನಿಮ್ಮ ಹೊಲಕ್ಕೆ ನಮ್ಮ ಮನೆಯವರು, ನಾಳೆ ನಮ್ಮ ಹೊಲಕ್ಕೆ ನಿಮ್ಮವರು. ಜವರಯ್ಯ ಮತ್ತು ಅವನ ಹೆಂಡತಿ ವನಜಮ್ಮ ಈಗಾಗಲೇ ಐದು ಮನೆಗೆ ಮುಯ್ಯಿ ಮಾಡಿದ್ದಾರೆ. ಇವತ್ತು ಅವರ ಹೊಲದ ಸರದಿ. ಒಬ್ಬರೂ ಹೋಗಲಿಲ್ಲ.

ಮೊದಲು ಗೇಲಿಯಾಗಿಯೇ ಶುರುವಾದದ್ದು. “ಕೆಂಪುಗುಡ್ಡದ ಸೇನೆ ಬಂದು ಕೊಯ್ಕೊಡ್ತದೆ ಬುಡು,” ಅಂತ ಸಣ್ಣಸ್ವಾಮಿ. ಅವನಿಗೆ ನಾಟಕ ನಿಂತದ್ದೇ ಸಂತೋಷ, ಆದರೂ ಹೋಗಲಿಲ್ಲ. ಹೋದರೆ ಅವನ ಹೊಲಕ್ಕೆ ಕಾಳಮ್ಮನ ಕಡೆಯ ಹೆಂಗಸರು ಬರುವುದಿಲ್ಲ.

ಕಾಳಮ್ಮ ಈಗ ಹೊಲದ ಬದುವಿನ ಮೇಲೆ ಕತೆ ಮುಂದುವರಿಸುತ್ತಿದ್ದಾಳಂತೆ. ರಾಣಿ ಸೀರೆ ಎತ್ತಿ ಕಟ್ಟಿಕೊಂಡು ಈಜಿ ದಾಟಿದಳಂತೆ. ಪುಸ್ತಕದಲ್ಲಿ ಹಾಗಿಲ್ಲ. ಮಗುವನ್ನು ಅಂಬಿಗನ ಕೈಗೆ ಕೊಟ್ಟು ತಾನು ಕುದುರೆಗಳ ಕಡೆಗೆ ತಿರುಗಿ ನಡೆಯುತ್ತಾಳೆ. ಪುಟ ೩೧೨. ತಿದ್ದಬೇಕೆಂದು ನಾಲಿಗೆ ತುದಿಗೆ ಬಂತು – ಇಂಥ ಹೊತ್ತಿನಲ್ಲೂ!

೧೨ ನವೆಂಬರ್, ಗುರುವಾರ. ಮಧ್ಯಾಹ್ನ.

ವನಜಮ್ಮ ಬಂದಿದ್ದಳು. ಕಿಟಕಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿಕೊಂಡು. ಕೈಯೆಲ್ಲ ರಾಗಿ ಗರಿ ಕೊಯ್ದ ಗೀರು. ಗಂಡ ಹೆಂಡತಿ ಇಬ್ಬರೇ ಕೊಯ್ಯುತ್ತಿದ್ದಾರೆ.

“ಸ್ವಾಮಿ, ಆ ಕಾರ್ಡು ರೇಡಿಯೊಕ್ಕಲ್ಲ ಅಂತ ನಿಮ್ಗೆ ಗೊತ್ತಲ್ವಾ. ಯಾರಿಗೆ ಅನ್ನೋದು ಬ್ಯಾಡ. ಅಲ್ಲ ಅನ್ನೋದೊಂದು ಮಾತು ಹೇಳ್ಬುಡಿ ಸಾಕು. ನಿಮ್ ಮಾತಂದ್ರೆ ಜನ ನಂಬ್ತಾರೆ.”

ಅಂಚೆಯವನು ಒಬ್ಬರ ಕಾಗದದ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ, ಕಾನೂನು – ಎಂದೆ.

“ನಮ್ಮೋರೂ ಅದ್ನೇ ಅಂದ್ರು. ಪೋಸ್ಟ್ ಸ್ವಾಮಿ ಯಾರ ಗುಟ್ಟೂ ಬಿಟ್ಕೊಡೋರಲ್ಲ, ಬಲು ನಿಯತ್ತಿನ ಮನ್ಸ, ಹೋಗಿ ತೊಂದ್ರೆ ಕೊಡಬ್ಯಾಡ ಅಂತ.”

ಕಾನೂನು ಇರುವುದು ನಿಜ. ನಾನು ಹೇಳಿದ ಮಾತೂ ನಿಜ. ನನ್ನ ಕಾಗದದ ವಿಷಯ ಹೇಳಲು ಯಾವ ಕಾನೂನೂ ಅಡ್ಡ ಇಲ್ಲ.

೧೫ ನವೆಂಬರ್, ಭಾನುವಾರ

ಹೊಲದ ಕಡೆ ಹೋಗಿ ನೋಡಿ ಬಂದೆ. ಅರ್ಧಕ್ಕಿಂತ ಹೆಚ್ಚು ನಿಂತೇ ಇದೆ. ತೆನೆ ಬಲಿತು ಬಾಗಿದೆ, ಮುಟ್ಟಿದರೆ ಉದುರುತ್ತದೆ. ಮೂಡಣ ದಿಕ್ಕಿಗೆ ಮೋಡ. ಮಳೆ ಬಿದ್ದರೆ ತೆನೆಯಲ್ಲೇ ಮೊಳಕೆ.

ಜವರಯ್ಯ ಬಗ್ಗಿ ಕೊಯ್ಯುತ್ತಿದ್ದವನು ಎದ್ದು ನಿಂತ. ಎರಡು ಕೈಯನ್ನೂ ಸೊಂಟದ ಮೇಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿದ.

“ಏನ್ ಸ್ವಾಮಿ, ಇಷ್ಟು ದೂರ? ಕಾಗ್ದ ಏನಾರ ಬಂತಾ?”

“ಇಲ್ಲ.”

“ಬಂದ್ರೆ ನನ್ ಕೈಗೇ ಕೊಡಿ. ಮನೇಲಿ ಬ್ಯಾಡ.”

ಆಗಲಿ ಎಂದೆ. ಬಂದುಬಿಟ್ಟೆ. ಹೇಳಲೆಂದೇ ಹೋಗಿದ್ದೆ.

೧೭ ನವೆಂಬರ್, ಮಂಗಳವಾರ. ಸಂಜೆ ಆರು.

ಮಧ್ಯಾಹ್ನ ಸಣ್ಣ ಹನಿ ಬಿದ್ದು ನಿಂತಿತು. ಎಲ್ಲರೂ ಕೊಯ್ದ ರಾಗಿಯ ಮೇಲೆ ಹುಲ್ಲು ಹೊದೆಸಲು ಓಡಿದರು.

ಎರಡು ದಿನದಿಂದ ಯೋಚನೆ. ನಾಳೆ ಬುಧವಾರ, ಜಗಲಿಯಲ್ಲಿ ಎಲ್ಲರ ಮುಂದೆ ನನ್ನ ಪತ್ರದ ನಕಲು ಓದಿಬಿಡುವುದೆಂದು ಮೊದಲು ಅಂದುಕೊಂಡಿದ್ದೆ. ಪೀಠಿಕೆಯನ್ನೂ ಬರೆದೆ. ಭಾಷಾಂತರವೆಂದರೇನು, ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಎತ್ತಿಕೊಳ್ಳುವುದು ಎಷ್ಟು ತಪ್ಪು ಅಂತ ಎರಡು ಪುಟ. ಓದಿ ನೋಡಿದರೆ ಎಲ್ಲ ನನ್ನ ವಕಾಲತ್ತು. ಪತ್ರ ಬರೆದದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಆದರೆ ತಪ್ಪು ಜವರಯ್ಯನ ಮೇಲೆ ಬಿದ್ದ ಮೇಲೆ ಹದಿಮೂರು ದಿನ ಸುಮ್ಮನಿದ್ದೆನಲ್ಲ, ಅದಕ್ಕೆ ಪೀಠಿಕೆ ಇಲ್ಲ.

ಎರಡೂ ಪುಟ ಒಲೆಗೆ ಹಾಕಿದೆ.

ನಾಳೆ ಸಂಜೆಯ ತನಕ ಕಾಯುವುದಿಲ್ಲ. ಅಷ್ಟರಲ್ಲಿ ಒಂದು ಹಗಲು ಹೋಗುತ್ತದೆ. ಜಗಲಿಗಿಂತ ಮೊದಲು ಹೊಲ. ಬೆಳಿಗ್ಗೆ ಆರಕ್ಕೆ ಹೊರಡುವುದು, ಚೀಲ ಬರುವುದು ಹತ್ತಕ್ಕೆ. ಮೊದಲು ಜವರಯ್ಯನಿಗೆ, ಒಂದೇ ಮಾತಿನಲ್ಲಿ. ಅವನು ಏನು ಮಾಡಿದರೂ ಸರಿ. ಆಮೇಲೆ ಅಲ್ಲಿಂದ ನೇರ ಕಾಳಮ್ಮನ ಬಾಗಿಲಿಗೆ – ಹತ್ತರೊಳಗೆ ಆಳು ಹೊಲಕ್ಕೆ ಇಳಿಯಬೇಕಾದರೆ ಅವಳು ಹೇಳಿದರೇ ಆಗುವುದು.

ಜವರಯ್ಯನಿಗೆ ಹೇಳಬೇಕಾದ ಮಾತು: “ಆ ಕಾಗದ ಬರೆದವನು ನಾನು.” ಇದಕ್ಕಿಂತ ಹೆಚ್ಚು ಒಂದಕ್ಷರವೂ ಇಲ್ಲ.