ತಿರುಳು ತೆಗೆಯದ ಹಾಗಲ

ಓಕಿನಾವಾ
ಜುಲೈ 19, 1997

ಪ್ರೀತಿಯ ಸೊಸೆ ನೊರಿಕೊಗೆ,

ನಿನ್ನ ಅಮ್ಮ ಹರುಯೆಯವರ ಮಂಡಿನೋವು ಹೇಗಿದೆ? ಮಗು ಚಿಹಾರುವಿನ ಕೆಮ್ಮು ವಾಸಿಯಾಯಿತೆ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಶಾಲೆ ಕಾಣದವಳ ಅಕ್ಷರ, ನಿಧಾನವಾಗಿ ಓದು.

ಹಾಗಲಬಳ್ಳಿ ಚಪ್ಪರ ದಾಟಿ ಬಚ್ಚಲಮನೆಯ ಸೂರು ಹತ್ತಿದೆ. ಜೇನ್ನೊಣ ಕಡಿಮೆ. ದಿನಾ ಬೆಳಗ್ಗೆ ನಾನೇ ಗಂಡು ಹೂವು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುತ್ತೇನೆ. ಬೇಲಿಯಾಚೆಯಿಂದ ಪಕ್ಕದ ಮನೆಯ ಕಮಿ ನೋಡಿ, "ಸೊಸೇನ ಓಡಿಸ್ಬಿಟ್ಟು ಈಗ ಹೂವಿಗೆ ಮದುವೆ ಮಾಡಿಸ್ತಿದ್ದೀಯೇನೇ ಉಶಿ?" ಎಂದಳು. "ಬಾಯ್ಮುಚ್ಕೊಂಡು ನಿನ್ನ ಸೋರೆಬಳ್ಳಿ ನೋಡ್ಕೋ ಹೋಗು" ಎಂದು ಒಳಗೆ ಬಂದೆ. ಆದರೆ ಅವಳು ಸುಳ್ಳು ಹೇಳಿರಲಿಲ್ಲ.

ಮೊರಿಹಿಡೆ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಕಾರ್ಯದಲ್ಲಿ ನೆಂಟರೆಲ್ಲರ ಮುಂದೆ, "ಕೊನೆಗಾಲದಲ್ಲಿ ನನ್ನ ಮಗ ಇವಳ ಅಡುಗೆ ಒಂದು ತುತ್ತೂ ಮುಟ್ಟಲಿಲ್ಲ" ಎಂದುಬಿಟ್ಟೆ. ಮರುದಿನ ನೀನು ಮಗುವಿನ ಕೈ ಹಿಡಿದು ತವರಿಗೆಂದು ನಾಹಾದ ಬಸ್ಸು ಹತ್ತಿದೆ.

ಆಗಸ್ಟ್ ನಡುವಿಗೆ ತೀರಿಹೋದ ಹಿರಿಯರು ಮನೆಗೆ ಬರುವ ಮೂರು ದಿನ. ಈ ವರ್ಷ ಅವರ ಜೊತೆಗೆ ಅವನೂ ಬರುತ್ತಾನೆ, ಮೊದಲ ಸಲ. ಅವನ ಎಡೆಯನ್ನು ನಾನು ಇಡಬಲ್ಲೆ. ಆದರೆ ಬಾಗಿಲಲ್ಲಿ ನೀನೂ ಚಿಹಾರುವೂ ಇಲ್ಲದಿದ್ದರೆ ಅವನು ಯಾರ ಮುಖ ನೋಡಿ ಒಳಗೆ ಬರಬೇಕು?

ನೀನು ಮದುವೆಯಾಗಿ ಬಂದ ವರ್ಷದಿಂದ ಹಾಗಲ ಹೆಚ್ಚುವಾಗಲೆಲ್ಲ ಬೈದಿದ್ದೇನೆ. ತಿರುಳನ್ನು ಪೂರಾ ಕೆರೆಯಬೇಕು, ಉಪ್ಪು ಹಚ್ಚಿ ಹಿಂಡಬೇಕು ಎನ್ನುತ್ತಿದ್ದೆ. ನೀನು ಬೀಜ ಮಾತ್ರ ಬೆರಳಲ್ಲಿ ತಳ್ಳಿ ದಪ್ಪದಪ್ಪ ಹೆಚ್ಚುತ್ತಿದ್ದೆ. "ತಿರುಳು ಕಹಿಯಲ್ಲ ಅತ್ತೆ, ಕಹಿ ಇರೋದು ಹಸಿರು ಸಿಪ್ಪೇಲಿ" ಎಂದು ಒಮ್ಮೆ ನೀನು ಹೇಳಿದ್ದಕ್ಕೆ, ಸೋಮಾರಿಗಳ ಮಾತು ಎಂದು ಬಾಯಿ ಮುಚ್ಚಿಸಿದ್ದೆ. ನಿನ್ನೆ ಬರೀ ತಿರುಳನ್ನು ಬಾಯಿಗೆ ಹಾಕಿಕೊಂಡು ನೋಡಿದೆ. ಕಹಿಯೇ ಇಲ್ಲ. ಅರವತ್ತು ವರ್ಷ ಸುಮ್ಮನೆ ಕೆರೆದು ಗೊಬ್ಬರದ ಗುಂಡಿಗೆ ಹಾಕಿದ್ದೇನೆ. ತೋಫು, ಮೊಟ್ಟೆ ಹಾಕಿ ನಿನ್ನ ಹಾಗೆಯೇ ಹುರಿದೆ. ಒಬ್ಬಳೇ ಕೂತು ತಿಂದೆ.

ನಿನ್ನ ಅತ್ತೆ,
ತಾಮಶಿರೊ ಉಶಿ

ಮತ್ತೆ ಬರೆದದ್ದು: ಮೇಲೆ ಬರೆಯಲು ಕೈ ಬರಲಿಲ್ಲ. ಆಸ್ಪತ್ರೆಯಲ್ಲಿ ನೀನು ಕೆಲಸಕ್ಕೆ ಹೋಗುವ ಮುಂಚೆ ಇಟ್ಟುಹೋದ ಬುತ್ತಿಯ ಡಬ್ಬಿಯನ್ನು ಸಂಜೆ ತೊಳೆದು ಕೊಡುತ್ತಾ, ಅವನು ಬೇಡವೆಂದ, ಚೆಲ್ಲಿದೆ ಎನ್ನುತ್ತಿದ್ದೆನಲ್ಲ. ಚೆಲ್ಲಿರಲಿಲ್ಲ. ಅವನು ತಿಂದಿದ್ದ. ನನ್ನದನ್ನು ಪಕ್ಕಕ್ಕೆ ಸರಿಸಿ ನಿನ್ನದನ್ನೇ ತಿನ್ನುತ್ತಿದ್ದ. ಕೊನೆಯ ಸಲ ಹಾಗಲ ತಿಂದ ದಿನ, "ಅಮ್ಮಾ, ನೊರಿಕೊಗೆ ಹೇಳು, ನಾಳೆನೂ ಇದನ್ನೇ ತರ್ಲಿ" ಎಂದ. ನಾನು ನಿನಗೆ ಹೇಳಲಿಲ್ಲ. ಮರುದಿನ ನೀನು ಗಂಜಿ ತಂದೆ. ಅವನು ಮುಚ್ಚಳ ತೆಗೆದು ನೋಡಿ, ಗಂಜಿ ಕುಡಿದ.

ನೆಂಟರಿಗೆಲ್ಲ ಇದನ್ನು ನಾನೇ ಹೇಳುತ್ತೇನೆ. ಓದಿದ ಮೇಲೆ ಇಲ್ಲಿಗೆ ಬರಲು ಮನಸ್ಸಾಗದಿದ್ದರೆ ಬೇಡ. ಆದರೆ ಓದಿದೆ ಎಂದಷ್ಟಾದರೂ ಒಂದು ಸಾಲು, ಬೇಗ ಬರೆ.