ಮೊಲಗಳಿಗೆ ಬಂದ ಜ್ವರ

ಬಿಷ್ಕೆಕ್
ಅಕ್ಟೋಬರ್ 14, ಸೋಮವಾರ

ನನ್ನ ಕುದುರೆಮರಿ ಆಯ್ಜಿರೆಕ್,

ಓಶ್‌ನಲ್ಲಿ ಚಳಿ ಶುರುವಾಯಿತೇ? ಅಕ್ಷರ ನೋಡಿ ಗಾಬರಿಯಾಗಬೇಡ. ನನ್ನ ಕನ್ನಡಕ ಒಡೆದಿದೆ. ನಾನು ಹೇಳುತ್ತಿದ್ದೇನೆ, ನಮ್ಮ ಪ್ರಯೋಗಾಲಯದ ಕನಿಶಾಯ್ ಬರೆಯುತ್ತಿದ್ದಾಳೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಈ ಪತ್ರ. ಓಶ್ ಟ್ಯಾಕ್ಸಿಯವನ ಕೈಲಿ ಕೊಡುತ್ತೇನೆ. ಜೊತೆಗೆ ಒಂದು ಚೀಲ ಕುರುತ್ ಇದೆ, ಒಣಮೊಸರಿನ ಉಂಡೆಗಳನ್ನೆಲ್ಲ ಒಬ್ಬಳೇ ಕಡಿದು ಮುಗಿಸಬೇಡ.

"ಅಪಾ, ಆ ಮೊಲಗಳನ್ನ ಬಿಟ್ಬಿಡು. ಮನುಷ್ಯರ ರಕ್ತದ ಕಣಗಳಲ್ಲೇ ಪರೀಕ್ಷೆ ಮಾಡ್ಬಹುದು" ಎಂದು ಎರಡು ವರ್ಷದಿಂದ ನನ್ನ ತಲೆ ತಿಂದೆ. ಹೆತ್ತ ತಾಯಿಗೇ ವಿಷಶಾಸ್ತ್ರದ ಪಾಠ. ನೀನು ಹುಟ್ಟುವ ಮುಂಚಿನಿಂದ ನಾನು ಮೊಲದ ಕಿವಿಯ ನರಕ್ಕೆ ಡ್ರಿಪ್ ನೀರು ಚುಚ್ಚಿ, ಜ್ವರ ಬರುತ್ತದೆಯೇ ಎಂದು ನೋಡುತ್ತಾ ಬಂದವಳು. ಜ್ವರ ಬಂದರೆ ಆ ಡ್ರಿಪ್ ರೋಗಿಗೆ ಕೊಡುವ ಹಾಗಿಲ್ಲ. ನನ್ನ ಕೈಯಲ್ಲಿ ಮೊಲ ತೂಕಡಿಸುತ್ತಿತ್ತು. ಆ ಜಂಬ ನನಗಿತ್ತು, ಇಲ್ಲ ಎನ್ನುವುದಿಲ್ಲ.

ಹೋದ ತಿಂಗಳು ಮಕ್ಕಳ ಆಸ್ಪತ್ರೆಗೆ ಹೋಗಬೇಕಿದ್ದ ಡ್ರಿಪ್ ಬಂತು. ನಾನು ಹಿಡಿದು ಚುಚ್ಚಿದ ಮೊಲಗಳಿಗೆಲ್ಲ ಜ್ವರ. ಅಷ್ಟೂ ಬಾಟಲಿ ಚೆಲ್ಲಿಸಿ ಎಂದು ಬರೆಯಲು ಕೂತೆ. ಅಷ್ಟರಲ್ಲಿ ಈ ಕನಿಶಾಯ್, ನೀನು ಕಳಿಸಿದ ಸಾಮಾನು ಹರಡಿಕೊಂಡು, ತನ್ನದೇ ರಕ್ತ ತೆಗೆಸಿ, ಅದೇ ಡ್ರಿಪ್ಪನ್ನು ಪರೀಕ್ಷೆ ಮಾಡಿದ್ದಳು. "ಎಜೆ, ಇದ್ರಲ್ಲಿ ಏನೂ ದೋಷ ಇಲ್ಲ" ಎಂದಳು. "ನಿನ್ನ ರಕ್ತಕ್ಕೂ ನಿನ್ನ ಹಾಗೇ ನಿದ್ದೆ ಬಂದಿರ್ಬೇಕು" ಎಂದು ಗದರಿದೆ. ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು. ವಾಂತಿಭೇದಿಯಾದ ಕೂಸುಗಳು ಕಾಯುತ್ತಿದ್ದವು.

ಮರುಪರೀಕ್ಷೆಯ ದಿನ ನನಗೆ ಮೈ ಸರಿಯಿರಲಿಲ್ಲ. ನನ್ನ ಬದಲು ನನ್ನ ಸಹಾಯಕ ತುರ್ದುಬೆಕ್ ಮೊಲಗಳನ್ನು ಹಿಡಿದ. ಒಂದಕ್ಕೂ ಜ್ವರವಿಲ್ಲ. "ಮೊಲ ಹೆದರಿದ್ರೂ ಮೈ ಬಿಸಿ ಆಗುತ್ತೆ ಅಂತ ನೀವೇ ಅಲ್ವಾ ಎಜೆ ನಂಗೆ ಕಲಿಸಿದ್ದು?" ಎಂದ, ತಲೆ ತಗ್ಗಿಸಿಕೊಂಡು. ಡ್ರಿಪ್ ಮಕ್ಕಳಿಗೆ ಹೋಯಿತು. ನಾನು ಮೊಲಗಳ ಕೋಣೆಗೆ ಹೋಗಿ ಕೂತೆ. ಅಳು ಬಂತು, ಅತ್ತೆ.

ಶುಕ್ರವಾರ ಓಶ್‌ನಲ್ಲಿ ವಿಷಶಾಸ್ತ್ರಜ್ಞರ ಸಭೆಯಲ್ಲಿ ಮಾತಾಡು ಎಂದು ಕೇಳಿದ್ದೆಯಲ್ಲ, ಬರುತ್ತೇನೆ. ಅಲ್ಲಿರುವ ಅರ್ಧ ಜನ ನನ್ನ ಶಿಷ್ಯರು. ನಾನು ಮೊಲ ಬಿಡದೆ ಅವರು ಬಿಡುವುದಿಲ್ಲ ಎಂದು ನೀನು ಹೇಳಿದ್ದು ಸರಿ. ರಕ್ತದ ಕಣಗಳಿಗೆ ಹೆದರಿಕೆ ಇಲ್ಲ, ಅವನ್ನೇ ನಂಬಿ ಎನ್ನುತ್ತೇನೆ. "ನಿಮ್ಮ ಮೊಲಗಳು ಯಾಕೆ ಹೆದರಿದ್ವು?" ಎಂದು ಯಾರಾದರೂ ಕೇಳಿದರೆ, ಮೊಲಕ್ಕೆ ಹೆದರಲು ಕಾರಣ ಬೇಕೇ ಎಂದು ಬಾಯಿ ಮುಚ್ಚಿಸುತ್ತೇನೆ.

ನಿನ್ನ ಜಗಳಗಂಟಿ ಅಪಾ,
ಸಾದಾತ್

ತಾ.ಕ.: ಕನಿಶಾಯ್ ಚಹಾ ಕುಡಿಯಲು ಹೋದಳು. ಇದನ್ನು ನಾನೇ ಬರೆಯುತ್ತಿದ್ದೇನೆ. ಸಾಲು ಸೊಟ್ಟಪಟ್ಟ ಇದೆ, ಹೇಗೋ ಓದಿಕೋ. ಕನ್ನಡಕ ಒಡೆದಿಲ್ಲ ಮಗಳೇ. ವಸಂತದಿಂದ ನನ್ನ ಕೈ ನಡುಗುತ್ತಿದೆ. ಯಾರಿಗೂ ಹೇಳಿರಲಿಲ್ಲ, ಮೊಲಗಳಿಗೆ ಮಾತ್ರ ಗೊತ್ತಾಗಿತ್ತು. ಶುಕ್ರವಾರ ಆ ಪ್ರಶ್ನೆ ಬಂದರೆ ಯಾರ ಬಾಯನ್ನೂ ಮುಚ್ಚಿಸುವುದಿಲ್ಲ. ಈ ಕೈಯನ್ನೇ ಎತ್ತಿ ತೋರಿಸುತ್ತೇನೆ. ನೀನು ಎದುರಿಗೇ ಕೂತಿರು.