ಮಹಾನಂದಾಳ ಕಾವುಮನೆ

ಲಕ್ಷ್ಮೇಶ್ವರ, ಮಬ್ಬುಶಕೆ ನೂರ ನಲವತ್ತು, ಮಾಘಮಾಸದ ಎಪ್ಪತ್ತೊಂದನೆಯ ದಿನ

ಬಿಸಿಲು ಕಂಡಿದ್ದ ಹಿರಿಯರಿಗೆ,

ಈ ತಾರೀಖು ನಿಮಗೆ ತಪ್ಪೆಂದು ತೋರಬಹುದು. ತಪ್ಪಲ್ಲ. ಉರಿ ತಾಳದೆ ನೀವು ಆಕಾಶಕ್ಕೆ ಧೂಳು ಎರಚಿದಿರಿ, ಬಿಸಿಲು ಮಬ್ಬಾಯಿತು, ನಮ್ಮ ಮಬ್ಬುಶಕೆ ಶುರುವಾಯಿತು. ಅಂದಿನಿಂದ ಚಳಿ ಮುಗಿಯುವ ತನಕ ನಮ್ಮ ಮಾಘವೂ ಮುಗಿಯುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ಹೊಸವು, ಕ್ಷಮಿಸಿ. ಆಕಾಶದ ಜಗಳ ತೆಗೆಯಲು ಬರೆಯುತ್ತಿಲ್ಲ. ಅದನ್ನು ನಮ್ಮ ಅಜ್ಜಿಯರೇ ಆಡಿ ದಣಿದರು. ನನ್ನ ತಂಗಿ ಮಹಾನಂದಾ ಹೇಗೆ ಸತ್ತಳೆಂದು ಇಲ್ಲಿ ಬದುಕಿರುವವರು ಯಾರೂ ಕೇಳಲೊಲ್ಲರು. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ನಮ್ಮ ಪ್ರತಿ ಮನೆಯ ಹಿಂದೆ ಒಂದು ಕಾವುಮನೆ ಇರುತ್ತದೆ. ಅಲ್ಲಿ ಭಟ್ಟಿ ಉರಿಯುತ್ತದೆ. ಅದರ ಬಿಸಿ ಕೊಳವೆಗಳಲ್ಲಿ ಹರಿದು ಪಡಸಾಲೆ, ಮಲಗುವ ಕೋಣೆಗಳನ್ನು ಬೆಚ್ಚಗಿಡುತ್ತದೆ. ಬಿಸಿಲು ಸಾಲದೆ ಕಾಳು ಕಟ್ಟದ ಜೋಳದ ದಂಟನ್ನು ಒತ್ತಿ ಗಟ್ಟಿ ಮಾಡಿ ಉರಿಸುತ್ತೇವೆ. ದಿನಾ ಬೂದಿ ತೆಗೆಯಬೇಕು, ಸೂರಿಗೆ ಜೋತ ಇಲ್ಲಣ ಜಾಡಿಸಬೇಕು, ಹೊಗೆಕೊಳವೆಗೆ ಮಸಿ ಕಟ್ಟದಂತೆ ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಗೋಡೆಯ ಬುಡದಲ್ಲಿರುವ ಗಾಳಿಕಿಂಡಿ ತೆರೆದಿರಬೇಕು. ಅದು ಮುಚ್ಚಿದರೆ ಭಟ್ಟಿ ಮೂಕಹೊಗೆ ಕಾರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಸಹ ಬರುವುದಿಲ್ಲ. ತಲೆ ಭಾರವಾಗುತ್ತದೆ, ಕಾಲು ಸೋಲುತ್ತದೆ, ಉಸಿರು ನಿಲ್ಲುತ್ತದೆ, ಅಷ್ಟೇ. ಮನೆಗೆ ಸೊಸೆ ಬಂದ ಮೇಲೆ ಕಾವುಮನೆ ಸೊಸೆಯದು. ಬೆಂಕಿ ಮಾತ್ರ ಎಲ್ಲರದು.

ಮಹಾನಂದಾ ಆ ಕೋಣೆಯನ್ನು ದೇವರ ಕೋಣೆಯಂತೆ ಇಟ್ಟಿದ್ದಳು. ಮೂಗಿಗೆ ಸೆರಗು ಕಟ್ಟಿಕೊಂಡು ಬೂದಿ ತೆಗೆಯುತ್ತ, ಬಾಯಿಗೆ ಬಂದ ಹಾಡು ಹೇಳುತ್ತಿದ್ದಳು. ಗಾಳಿಕಿಂಡಿಗೆ ಹಳೆ ಸೀರೆಯ ಒಂದು ಎಳೆ ಕಟ್ಟಿದ್ದಳು. ಎಳೆ ಒಳಮುಖವಾಗಿ ತೂಗಿದರೆ ಭಟ್ಟಿ ಚೆನ್ನಾಗಿ ಉಸಿರಾಡುತ್ತಿದೆಯೆಂದು ಲೆಕ್ಕ.

ಅವಳ ನಾದಿನಿಯನ್ನು ನೋಡಲು ಗಂಡಿನ ಕಡೆಯ ಬೀಗರು ಬರುವ ದಿನ ನಾನೂ ಕೆಲಸಕ್ಕೆ ನೆರವಾಗಲು ಹೋಗಿದ್ದೆ. ಪಡಸಾಲೆ ಚಂದ ಕಾಣಲೆಂದು ಅತ್ತೆ ಗುರುಸಿದ್ದವ್ವ ಮನೆಯ ಗಾದಿ, ಕೌದಿ, ಮುರುಕು ಕುರ್ಚಿಗಳನ್ನೆಲ್ಲ ಮಗನಿಂದ, ಅಂದರೆ ತಂಗಿಯ ಗಂಡ ವೀರಪ್ಪನಿಂದ, ಕಾವುಮನೆಗೆ ತುಂಬಿಸಿದರು. ಮಹಾನಂದಾ ಅವನ್ನು ಹೊರಗೆ ಎಳೆದಳು. ಅವರು ಮತ್ತೆ ಒಳಗೆ ಹಾಕಿಸಿದರು.

"ಅತ್ತಿ, ಕಿಂಡಿಗೆ ಗಾದಿ ಒಡ್ಡಬ್ಯಾಡ್ರಿ. ಭಟ್ಟಿಗೆ ಉಸರ ಬೇಕ್ರಿ," ಅಂದಳು.

"ಬೀಗರು ಬಂದು ಗಾದಿ ರಾಶಿ ನೋಡಬೇಕೇನ? ಒಂದ ತಾಸಿನ ಮಾತು. ಮಂದಿಗೆ ಚಳಿ ಹತ್ತತೈತಿ, ಬಾಗಲಾ ಹಾಕ್ಕೊಂಡು ಬೆಂಕಿ ಜೋರ ಮಾಡು."

ನಾನು ನಡುವೆ ಬಾಯಿ ಹಾಕಿದೆ. "ಜೀವಕ್ಕ ಅಪಾಯ ಐತ್ರಿ," ಅಂದೆ.

"ನಿನ್ನ ಶ್ಯಾಣ್ಯಾತನ ನಿನ್ನ ಮನ್ಯಾಗ ತೋರಸವ್ವಾ," ಅಂದರು ಗುರುಸಿದ್ದವ್ವ. ಅಷ್ಟರಲ್ಲಿ ಬೀಗರ ಗಾಡಿ ಬಂತು. ತಂಗಿ ನನ್ನ ಕೈಗೆ ಚಹಾದ ತಾಟು ಕೊಟ್ಟು, "ನೀ ನಡಿ ಅಕ್ಕಾ, ನಾ ಗಾದಿ ಸರಿಸಿ ಬರತೇನಿ," ಎಂದು ಒಳಗೆ ಹೋದಳು.

ಚಹಾ, ಉಪಚಾರದಲ್ಲಿ ಅರ್ಧ ತಾಸು ಹೋಯಿತು. ಹಿಂದಿರುಗಿ ಕಾವುಮನೆಯ ಬಾಗಿಲು ತಳ್ಳಿದೆ. ಅವಳು ಕಿಂಡಿಯ ಮುಂದೆ, ಒಂದು ಗಾದಿಯ ತುದಿ ಹಿಡಿದುಕೊಂಡೇ ಒರಗಿದ್ದಳು. ಕೆನ್ನೆ ಕೆಂಪಗಿತ್ತು, ನಿದ್ದೆ ಹತ್ತಿದೆಯೆಂದೇ ಕ್ಷಣ ಅನಿಸಿತು. ಹೊರಗೆ ಎಳೆದು ತಂದು ಕೂಗಿದೆ, ಎದೆ ಒತ್ತಿದೆ. ಪಡಸಾಲೆಯಿಂದ ಮೊದಲು ಬಂದದ್ದು ವೀರಪ್ಪನಲ್ಲ, ಬೀಗರ ಗಾಡಿ ಹೊಡೆಯುವವನು.

ತನಿಖೆಯವರು ಬರುವುದರೊಳಗೆ ಗಾದಿಗಳೆಲ್ಲ ಅಟ್ಟ ಸೇರಿದ್ದವು. ನೆಲ ಗುಡಿಸಿಯಾಗಿತ್ತು. "ಕಾವುಮನಿ ಹಸನ ಇಟ್ಟಕೊಳ್ಳಾಕ ಬರತಿದ್ದಿಲ್ರಿ ಆಕಿಗೆ," ಎಂದು ಗುರುಸಿದ್ದವ್ವ ಅತ್ತರು. "ಗಾದಿ ತುಂಬಿದವರು ಯಾರು, ನಿಮ್ಮ ಮಗನ್ನ ಕೇಳ್ರಿ," ಎಂದು ನಾನು ಎಲ್ಲರೆದುರು ಚೀರಿದೆ. ವೀರಪ್ಪ ತಾಯಿಯ ಹಿಂದೆ ಹೋಗಿ ನಿಂತ. ತನಿಖೆಯವರು ನನ್ನ ಮಾತನ್ನು ದುಃಖದ ಹುಚ್ಚೆಂದರು. ಸೊಸೆಯ ಅಲಕ್ಷ್ಯವೆಂದು ಬರೆದುಕೊಂಡು ಹೋದರು. ನಾದಿನಿಯ ಮದುವೆ ಸುಸೂತ್ರವಾಗಿ ಆಯಿತು.

ಈಗ ವೀರಪ್ಪನಿಗೆ ಮತ್ತೆ ಹೆಣ್ಣು ನೋಡಿದ್ದಾರೆ. ಹೋದ ವಾರ ಆ ಹುಡುಗಿಯ ತಾಯಿ ವಿಚಾರಿಸಲು ನಮ್ಮ ಮನೆಗೆ ಬಂದಿದ್ದರು. ಎಲ್ಲವನ್ನೂ ಹೇಳಿದೆ. ಅವರು ಕಣ್ಣೊರೆಸಿಕೊಂಡರು, ನನ್ನ ಕೈ ಹಿಡಿದುಕೊಂಡರು. ಹೊಸ್ತಿಲು ದಾಟುವಾಗ, "ನಮ್ಮ ಹುಡಗಿ ಭಾಳ ಹಸನ ಇಡತಾಳ್ರಿ ಅಕ್ಕಾರ. ಆಕಿಗೆ ಹಂಗಾಗೂದಿಲ್ಲ," ಅಂದರು.

ನಿಮ್ಮಲ್ಲಿ ಕಾವುಮನೆ ಇರಲಿಕ್ಕಿಲ್ಲ. ಬಚ್ಚಲ ಗೀಸರೋ, ನೀರೊಲೆಯೋ, ಅಡಿಗೆಮನೆಯ ಸಿಲಿಂಡರೋ, ಬೆಂಕಿಯ ಮೂಲೆಯೊಂದು ಇದ್ದೇ ಇರುತ್ತದೆ. ಇವತ್ತು ಅಲ್ಲಿಗೆ ನೀವೇ ಹೋಗಿ. ಅಡ್ಡ ಇಟ್ಟದ್ದನ್ನು ಇಟ್ಟವರೇ ತೆಗೆಯಲಿ. ಅಲ್ಲಿ ದುಡಿಯುವವಳು ಬೇಡವೆಂದರೆ, ಬಾಗಿಲಲ್ಲಿ ಯಾರೇ ಬಂದು ನಿಂತಿರಲಿ, ಅವಳ ಮಾತು ಕೇಳಿ. ಇಷ್ಟು ಮಾಡಲಾಗದಿದ್ದರೆ ನನ್ನ ತಂಗಿಗಾಗಿ ಮರುಗಬೇಡಿ. ಮರುಗುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ದಾಕ್ಷಾಯಣಿ